ಗೆರೆಯಿಲ್ಲದ ಹೆಬ್ಬೆರಳು

ಚಳಿಗಾಲದ ಬೆಳಗು, ಹೊರಗಿನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ದೆಹಲಿಯ ಸಂಶೋಧನಾ ಸಂಸ್ಥೆಯೊಂದರ ನೆಲಮಾಳಿಗೆಯಲ್ಲಿ ಕೆಂಪಣ್ಣ ಬಿಳಿ ಪಿಂಗಾಣಿ ಪುಡಿಯನ್ನು ರಬ್ಬರ್ ಚೀಲಕ್ಕೆ ತುಂಬುತ್ತಿದ್ದಾರೆ. ತಟ್ಟಿ, ಗಾಳಿ ತೆಗೆದು, ಬಾಯಿ ಕಟ್ಟಿ, ನೀರು ತುಂಬಿದ ದಪ್ಪ ಉಕ್ಕಿನ ಕೊಳವೆಗೆ ಇಳಿಸುತ್ತಾರೆ. ಮುಚ್ಚಳ ಬಿಗಿದು ಪಂಪು ಹಾಕಿದರೆ ನೀರು ಚೀಲವನ್ನು ಎಲ್ಲ ಕಡೆಯಿಂದಲೂ ಒಂದೇ ಸಮನೆ ಅದುಮುತ್ತದೆ. ಪುಡಿ ಸೀಮೆಸುಣ್ಣದಂಥ ತುಂಡಾಗುತ್ತದೆ. ಆಕಾರ ಉಳಿದು ಗಾತ್ರ ಮಾತ್ರ ಕುಗ್ಗುತ್ತದೆ.

ಒತ್ತಡದ ಮುಳ್ಳು ಮೇಲೇರುತ್ತಿದ್ದಂತೆ ಅವರು ಬಲಗೈಯನ್ನು ಎದೆಗೆ ಅವುಚಿಕೊಳ್ಳುತ್ತಾರೆ. ಆ ಕೈಯಲ್ಲಿ ಹೆಬ್ಬೆರಳಿಲ್ಲ.

"ಇಲ್ಲದ ಬೆರಳನ್ನ ಯಾರೋ ಸುತ್ತಲೂ ಹಿಡಿದು ಒತ್ತಿದ ಹಾಗಾಗುತ್ತೆ," ಎನ್ನುತ್ತಾರೆ. "ನೋವಿಲ್ಲ. ಪ್ರೆಷರ್ ಇಳಿಸಿದ್ರೆ ಬಿಡುತ್ತೆ."

ಕನಕಪುರ ಬಿಟ್ಟು ಇಪ್ಪತ್ತೊಂಬತ್ತು ವರ್ಷ. ಕರೋಲ್ ಬಾಗ್‌ನ ಬಾಡಿಗೆ ಕೋಣೆಯಿಂದ ಮೊದಲ ಮೆಟ್ರೊಗೆ ಹೊರಡುತ್ತಾರೆ. ದಿನಕ್ಕೆ ಹದಿನಾಲ್ಕು ಚೀಲ. ಅವರು ಒತ್ತಿಕೊಟ್ಟ ತುಂಡುಗಳಿಂದ ಎಷ್ಟೋ ಮಂದಿ ಡಾಕ್ಟರೇಟ್ ಪಡೆದಿದ್ದಾರೆ. ಪ್ರಬಂಧಗಳಲ್ಲಿ ಯಂತ್ರದ ಹೆಸರುಂಟು, ಕೆಂಪಣ್ಣನ ಹೆಸರಿಲ್ಲ.

ಹತ್ತು ವರ್ಷದ ಹಿಂದೆ ಇಂಥದೇ ಒಂದು ಬೆಳಿಗ್ಗೆ ಚೀಲ ಕಟ್ಟುವಾಗ ಹೆಬ್ಬೆರಳು ಒತ್ತಿ ಪುಡಿಯಲ್ಲಿ ತಗ್ಗು ಬಿತ್ತು. ಗಮನಿಸದೆ ನೀರಿಗಿಳಿಸಿದರು. ಮರುಕ್ಷಣವೇ ಸರಪಳಿ ಜಾರಿ, ಅದರಲ್ಲಿ ತೂಗುತ್ತಿದ್ದ ಉಕ್ಕಿನ ಮುಚ್ಚಳ ಅದೇ ಬೆರಳಿನ ಮೇಲೆ ಬಿತ್ತು. ಹನ್ನೊಂದು ದಿನ ಯಾರೂ ಯಂತ್ರ ಮುಟ್ಟಲಿಲ್ಲ. ಆಸ್ಪತ್ರೆಯಲ್ಲಿ ಬೆರಳು ತೆಗೆಸಿಕೊಂಡು ಮರಳಿದ ಕೆಂಪಣ್ಣ, ನೀರಿನಲ್ಲೇ ಕಾದಿದ್ದ ಚೀಲವನ್ನು ಒತ್ತಿ ಬಿಡಿಸಿದರೆ ತುಂಡಿನ ಮೇಲೆ ಅವರದೇ ಹೆಬ್ಬೆರಳಿನ ಅಚ್ಚು! ಉಗುರಿನ ತುದಿಯೂ ಮೂಡಿತ್ತು. ಕುಲುಮೆಯಲ್ಲಿ ಸುಟ್ಟ ಮೇಲೆ ಇನ್ನಷ್ಟು ಕುಗ್ಗಿ ಮಗುವಿನ ಬೆರಳಿನಷ್ಟಾಯಿತು. ರಬ್ಬರಿನಾಚೆಯಿಂದ ಬಿದ್ದ ಗುರುತಾದ್ದರಿಂದ ಅದರಲ್ಲಿ ಗೆರೆಗಳಿಲ್ಲ.

ಈಗ ಕಪಾಟಿನ ಮೂಲೆಯಲ್ಲಿದ್ದ ಆ ತುಂಡನ್ನು ಎತ್ತಿಕೊಂಡ ಸಂಶೋಧನಾ ವಿದ್ಯಾರ್ಥಿನಿ ಹರ್ಷಿಣಿ ಥಟ್ಟನೆ ಕೆಳಗಿಡುತ್ತಾಳೆ. "ಅಂಕಲ್, ಇದು ಬೆಚ್ಚಗಿದೆ!"

"ಅಚ್ಛಾ? ನಾನು ಮುಟ್ಟಿದ್ರೆ ಯಾವಾಗ್ಲೂ ತಣ್ಣಗಿರುತ್ತೆ ಕಣಮ್ಮ."

ಪಂಪು ಗುಂಯ್‌ಗುಡುತ್ತಿರುತ್ತದೆ.

ಸೋಮವಾರ ಈ ನೆಲಮಾಳಿಗೆ ಖಾಲಿಯಾಗಲಿದೆ. ಕೆಟ್ಟ ತುಂಡುಗಳೆಲ್ಲ ಗುಜರಿಗೆ. ಸಂಸ್ಥೆಯ ವಸ್ತುವನ್ನು ಮನೆಗೊಯ್ಯಲು ಅನುಮತಿ ಬೇಕು. ಈ ತುಂಡಿಗಾಗಿ ಕೆಂಪಣ್ಣ ಕೊಟ್ಟ ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ. ಸುಮ್ಮನೆ ಜೇಬಿಗೆ ಹಾಕಿಕೊಳ್ಳಬಾರದೇ ಎಂದು ಹರ್ಷಿಣಿ ಪಿಸುಗುಟ್ಟಿದರೆ ಅವರಿಗೆ ರೇಗುತ್ತದೆ.

"ನನ್ನ ಬೆರಳನ್ನ ನಾನೇ ಕದೀಲಾ? ಆಸ್ಪತ್ರೆಯವ್ರು ನಂದು ನಂಗೆ ವಾಪಸ್ ಕೊಡ್ಲಿಲ್ಲ. ಇವರು ಇದೊಂದು ಕೊಟ್ರೆ ಸಾಕು."

ತುಂಡನ್ನು ಉಳಿದ ನಾಲ್ಕು ಬೆರಳಲ್ಲಿ ಹಿಡಿದು ದೀಪದ ಕೆಳಗೆ ಮೆಲ್ಲಗೆ ತಿರುಗಿಸುತ್ತಾರೆ.

"ನೋಡಮ್ಮ, ಎಲ್ಲೂ ಒಂದು ಬಿರುಕಿಲ್ಲ."