ಆಕ್ಷೇಪಣೆ ಇಲ್ಲ ಎಂಬ ಸಾಲು

ಮಂಗಳೂರಿಗೆ ಹೋಗುವ ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ. ಸಂಜೆ ವಿಮಾನ. ಮಸ್ಕತ್ತಿನಲ್ಲಿರುವ ತಂಗಿಯ ಬಾಣಂತನಕ್ಕೆಂದು ಏಳು ವರ್ಷದ ಮಗಳೊಂದಿಗೆ ಒಂದು ತಿಂಗಳು ಹೋಗುತ್ತಿದ್ದೇನೆ. ತಾಯಿ ಒಬ್ಬಳೇ ಮಗುವನ್ನು ಕರೆದೊಯ್ಯುವಾಗ ತಂದೆಯ ಒಪ್ಪಿಗೆ ಪತ್ರ ಕೈಯಲ್ಲಿರಲಿ ಎಂದು ಟಿಕೆಟ್ ಮಾಡಿಸಿಕೊಟ್ಟವರು ಹೇಳಿದ್ದರು. ನನ್ನ ಗಂಡ ಹತ್ತು ದಿನದಿಂದ ಕಡಲಿನಲ್ಲಿದ್ದರು. ಬೋಟು ಗಂಗೊಳ್ಳಿ ಬಂದರಿಗೆ ಬಂದದ್ದು ಇವತ್ತು ಬೆಳಿಗ್ಗೆ.

ಕುಂದಾಪುರದ ನೋಟರಿ ವಕೀಲರ ಕಚೇರಿಗೆ ಅವರು ಮೀನು ವಾಸನೆಯ ಅಂಗಿಯಲ್ಲೇ ಓಡಿ ಬಂದರು. ಪತ್ರದ ಮೇಲೆ ಬೆರಳಿಟ್ಟು ಓದುತ್ತಾ ಒಂದು ಸಾಲಿನಲ್ಲಿ ನಿಂತುಬಿಟ್ಟರು.

“ವಕೀಲ್ರೆ, ಇದ್ರಲ್ ಸುಳ್ ಬರ್ದಿರಿ.”

ನಾನೂ ಪತ್ರದ ಮೇಲೆ ಬಗ್ಗಿದೆ. ಪಾಸ್‌ಪೋರ್ಟ್ ನಂಬರು ತಪ್ಪಿದ್ದರೆ ಮತ್ತೆ ಟೈಪು ಮಾಡಿಸಲು ಹೊತ್ತಿರಲಿಲ್ಲ.

“ಎಂತ ಸುಳ್ಳ್ ಮಾರಾಯ್ರೆ?” ಎಂದರು ವಕೀಲರು.

“ನಂಗೆ ಆಕ್ಷೇಪಣೆ ಇಲ್ಲೆ ಅಂದೇಳಿ ಬರ್ದಿರಿ. ಆಕ್ಷೇಪಣೆ ಇತ್ತಲೆ! ತಿಂಗ್ಳಿಡೀ ಮಗ್ಳ್ ಮಕ ಕಾಣ್ದೆ ಇಪ್ಪುದ್ ಹ್ಯಾಂಗೆ?”

ವಕೀಲರು ನನ್ನ ಮುಖ ನೋಡಿದರು. ನಾನು ಏನಾದರೂ ಹೇಳುವ ಮೊದಲೇ ಮಗಳು ಕೇಳಿದಳು.

“ಅಪ್ಪಯ್ಯ, ನೀನ್ ಕಡ್ಲಿಗ್ ಹೋಪತಿಗೆ ನನ್ ಸೈನ್ ಕೇಳ್ತ್ಯಾ?”

ಅವಳು ತಮಾಷೆ ಮಾಡುತ್ತಿರಲಿಲ್ಲ. ನನ್ನ ಗಂಡ ಪತ್ರಕ್ಕೆ ಸಹಿ ಹಾಕಿದರು. ಆಮೇಲೆ ಪೆನ್ನನ್ನು ಅವಳಿಗೆ ಕೊಟ್ಟು ಅಂಗೈ ಚಾಚಿದರು.

“ಹಾಕ್ ಮಗಾ. ನಾಳಿಗೆ ಬೋಟ್ ಹೊರಡತ್ತ್.”

ಉಪ್ಪುನೀರಿಗೆ ಒಡೆದ ಅಂಗೈಯಲ್ಲಿ ಪೆನ್ನಿನ ಗೆರೆ ಸರಿಯಾಗಿ ಮೂಡಲಿಲ್ಲ. ಅವಳು ಒತ್ತಿ ಒತ್ತಿ, ಎರಡೆರಡು ಸಲ ತಿದ್ದಿ, ತನ್ನ ಪೂರ್ತಿ ಹೆಸರು ಬರೆದಳು, ಇನಿಶಿಯಲ್ ಸಮೇತ.