ಮೂರು ರೆಕ್ಕೆಯ ಗುರುತಿನ ಬಾಗಿಲು

ಕಳೆದ ಸೋಮವಾರ ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಅಪ್ಪ ಒಂದು ಬಾಗಿಲ ಮುಂದೆ ನಿಂತುಬಿಟ್ಟರು. ನಿಂತದ್ದಷ್ಟೇ ಅಲ್ಲ, ಹಿಂದೆ ಸರಿದರು. ಗೋಡೆಗೆ ಬೆನ್ನು ತಾಗುವವರೆಗೂ ಸರಿದರು.

ಬಾಗಿಲ ಮೇಲೆ ಹಳದಿ ಫಲಕ. ಅದರಲ್ಲಿ ಫ್ಯಾನಿನಂಥ ಮೂರು ಕಪ್ಪು ರೆಕ್ಕೆ. ವಿಕಿರಣದ ಗುರುತು.

“ಕಾಕಾ, ಬರ್ರಿ ಒಳಗ,” ಎಂದು ಟೆಕ್ನಿಷಿಯನ್ ಹುಡುಗಿ ಕರೆದಳು.

“ನಾ ಒಲ್ಲೆ,” ಎಂದರು ಅಪ್ಪ.

ಮನೆಯ ಮಾತನ್ನು ಇಲ್ಲಿ ಬರೆಯುವ ಅಭ್ಯಾಸ ನನಗಿಲ್ಲ. ಪ್ರತಿವಾರ ಓದುವ ನಿಮಗೆ ಅದು ಗೊತ್ತು. ಆದರೆ ಈ ವಾರ ತಲೆಯಲ್ಲಿ ಬೇರೆ ವಿಷಯ ನಿಲ್ಲುತ್ತಿಲ್ಲ. (ಅಪ್ಪನನ್ನು ಕೇಳಿಯೇ ಬರೆಯುತ್ತಿದ್ದೇನೆ. “ಹೆಸರು ಹಾಕಬ್ಯಾಡ,” ಎಂದರು. ಹಾಕಿಲ್ಲ.)

ಅಪ್ಪನ ಧ್ವನಿಪೆಟ್ಟಿಗೆಯಲ್ಲಿ ಕ್ಯಾನ್ಸರ್. ಗಂಟಲು ಕಟ್ಟಿದೆ ಎಂದುಕೊಂಡು ಬಿಸಿನೀರು, ಜ್ಯೇಷ್ಠಮಧು ಎಂದು ಒಂದಷ್ಟು ಕಾಲ ಕಳೆದೆವು. ಬೇಗ ಗೊತ್ತಾಗಿದೆ, ಆಪರೇಷನ್ ಬೇಡ, ರೇಡಿಯೇಷನ್ ಸಾಕು ಎಂದರು ಡಾಕ್ಟರು. ಶನಿವಾರ, ಭಾನುವಾರ ಬಿಟ್ಟು ದಿನವೂ, ಕೆಲವು ವಾರ. ಧಾರವಾಡದಲ್ಲಿ ಅವ್ವನ ತಂಗಿ, ಚಿಗವ್ವನ ಮನೆಯಲ್ಲಿದ್ದುಕೊಂಡು ಹೋಗಿಬರುವುದು ಎಂದಾಯಿತು. ಆ ಸೋಮವಾರ ಮೊದಲ ದಿನ.

ಅಪ್ಪ ದಾಂಡೇಲಿಯಲ್ಲಿ ಕಾಗದದ ಮಿಲ್ಲಿನಿಂದ ನಿವೃತ್ತರಾದವರು. ಓಡುವ ಕಾಗದದ ದಪ್ಪ ಅಳೆಯುವ ಉಪಕರಣವೊಂದು ಅವರ ಮಷಿನ್ ಮೇಲಿತ್ತು. ಅದರೊಳಗೆ ವಿಕಿರಣ ಸೂಸುವ ಸಣ್ಣದೊಂದು ವಸ್ತು, ಭದ್ರವಾಗಿ ಮುಚ್ಚಿಟ್ಟದ್ದು. ಹೊರಗೆ ಇದೇ ಹಳದಿ ಗುರುತು. ಕೆಲಸವಿಲ್ಲದೆ ಅದರ ಹತ್ತಿರ ನಿಲ್ಲಬಾರದು ಎಂಬುದು ನಿಯಮ. ಅಪ್ಪ ಎಂದೂ ಆ ನಿಯಮ ತಪ್ಪಲಿಲ್ಲ. ಸಾಲದ್ದಕ್ಕೆ ಊರಿನದೇ ಬಡಾವಣೆ ಅಂಬೇವಾಡಿಯ ನಮ್ಮ ಮನೆಯ ಗೋಡೆಗೂ ಆ ಗುರುತನ್ನು ಚಾಕ್‌ಪೀಸಿನಿಂದ ಬರೆದು ನಮಗೆ ಪಾಠ ಮಾಡಿದ್ದರು. ಊರಿನ ಉಳಿದ ಮಕ್ಕಳನ್ನು ಕಾಳಿ ನದಿಯ ಮೊಸಳೆ ಹೇಳಿ ಹೆದರಿಸುತ್ತಿದ್ದರು. ನಮಗೆ ಮೂರು ರೆಕ್ಕೆ.

“ಐದು ಗಂಟೆಯೊಳಗ ಮನಸ್ಸು ಮಾಡ್ರಿ ಕಾಕಾ, ಇವತ್ತ ಮುಗಸೂಣು,” ಎಂದು ಹುಡುಗಿ ಮುಂದಿನವರನ್ನು ಕರೆದಳು. ಅಪ್ಪ, ಅವ್ವ, ನಾನು ಬೆಂಚಿನ ಮೇಲೆ ಕೂತೆವು.

“ಮಿಲ್ಲಿನ್ಯಾಗ ಹೇಳಿದ್ದು ಇನ್ನೂ ನೆನಪೈತಿ,” ಎಂದಳು ಅವ್ವ. “ನಾ ಮುಂಜಾನೆ ಹೇಳಿದ್ದು ಮಧ್ಯಾಹ್ನಕ್ಕ ಮರೀತೀರಿ.”

ಅಪ್ಪ ನಗಲಿಲ್ಲ. “ಆ ಹುಡುಗಿನ್ನ ನೋಡಿದ್ರಿಲ್ಲೋ? ಪೇಶಂಟನ್ನ ಒಳಗ ಮಲಗಸ್ತಾಳ, ತಾ ಹೊರಗ ಓಡಿ ಬರ್ತಾಳ. ಒಳ್ಳೇದಿದ್ರ ಯಾಕ ಓಡಬೇಕು?”

“ಆಕಿಗೆ ವರ್ಷಾನುಗಟ್ಟಲೆ ದಿನಾ ಇದ ಕೆಲಸ ಅಪ್ಪಾ. ನಿನಗ ಇಷ್ಟ ದಿನ ಅಷ್ಟ.”

“ಒಳಗ ಏನಾಕ್ಕೈತಿ, ಖರೇ ಹೇಳು.”

ನಾನು ಹಳಿಯಾಳದ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವಳು. ಖರೇ ಹೇಳು ಅಂದರೆ ಖರೇನೇ ಹೇಳುವ ರೋಗ ನನಗೆ. ಹೇಳಿದೆ. ಪ್ರತಿ ಜೀವಕೋಶದೊಳಗೆ ಒಂದು ನ್ಯೂಕ್ಲಿಯಸ್, ಅಂದರೆ ಕೋಶಕೇಂದ್ರ ಇರುತ್ತದೆ. ಅದರಲ್ಲಿ ಜೋಡಿ ಎಳೆಯ ಡಿಎನ್‌ಎ. ವಿಕಿರಣ ಆ ಎಳೆಗಳನ್ನು ಕತ್ತರಿಸುತ್ತದೆ. ಕೋಶ ಕೂಡಲೇ ಸಾಯುವುದಿಲ್ಲ. ಎಷ್ಟೋ ಸಲ ಏನೂ ಆಗದಂತೆ ಇದ್ದುಬಿಡುತ್ತದೆ. ಒಂದು ಎರಡಾಗಲು ಹೊರಟಾಗ, ತುಂಡಾದ ಎಳೆಗಳನ್ನು ಸರಿಯಾಗಿ ಹಂಚಿಕೊಳ್ಳಲಾರದೆ ಆಗ ಸಾಯುತ್ತದೆ.

“ಒಳ್ಳೆ ಸೆಲ್ಲಿಗೆ ಹತ್ತೂದಿಲ್ಲ?”

“ಸುತ್ತ ಇದ್ದದ್ದಕ್ಕೂ ಹತ್ತತೈತಿ.”

ಅಪ್ಪ ನನ್ನ ಮುಖ ನೋಡಿದರು. ಅವ್ವ ಇನ್ನೂ ಚೆನ್ನಾಗಿ ನೋಡಿದಳು.

“ಅಲ್ಲವ್ವಾ, ಬಾಯಿ ತಪ್ಪಿ ಒಂದಾದ್ರೂ ಸುಳ್ಳು ಹೇಳಬಾರದ?” ಎಂದಳು.

ನಾನು ಅವಸರವಾಗಿ ಉಳಿದದ್ದನ್ನೂ ಹೇಳಿದೆ. ಒಳ್ಳೆಯ ಕೋಶ ಎರಡಾಗುವ ಮೊದಲು ನಿಲ್ಲುತ್ತದೆ, ಮುರಿದದ್ದನ್ನು ಬಹುಮಟ್ಟಿಗೆ ರಿಪೇರಿ ಮಾಡಿಕೊಳ್ಳುತ್ತದೆ. ಕ್ಯಾನ್ಸರಿನದಕ್ಕೆ ಎರಡಾಗುವ ಅವಸರ. ರಿಪೇರಿಯೂ ಅದಕ್ಕೆ ಅಷ್ಟಾಗಿ ಬಾರದು. ಒಳ್ಳೆಯದಕ್ಕೆ ಸಾವರಿಸಿಕೊಳ್ಳಲು ಸಮಯ ಸಿಗಲೆಂದೇ ದಿನಕ್ಕೆ ಸ್ವಲ್ಪ ಸ್ವಲ್ಪ ಕೊಡುವುದು.

“ಮತ್ತ ನಡುವ ಬಿಟ್ರ?”

“ಕೆಟ್ಟದ್ದಕ್ಕೂ ಟೈಮ್ ಸಿಗತೈತಿ.”

ಅವ್ವ ಎದ್ದು ಸೀರೆ ಸರಿಮಾಡಿಕೊಂಡಳು. “ಅದಕ್ಕ ಟೈಮ್ ಕೊಡಬ್ಯಾಡ್ರಿ. ಏಳ್ರಿ ಇನ್ನ.”

ಅಪ್ಪ ಎದ್ದರು. ಒಂದು ಹೆದರಿಕೆ ಕೂರಿಸಿದ್ದವರನ್ನು ಇನ್ನೊಂದು ಹೆದರಿಕೆ ಎಬ್ಬಿಸಿತು. ಧೈರ್ಯ ಎಂದು ನಾವು ಕರೆಯುವುದು ಬಹಳ ಸಲ ಇದೇ ಇರಬಹುದೇ?

ಕೊರಳಿನ ಲಿಂಗವನ್ನು ಅವ್ವ ಬಿಚ್ಚಿ ರಟ್ಟೆಗೆ ಕಟ್ಟಿದಳು. ಜಾಲರಿಯಂಥ ಪ್ಲಾಸ್ಟಿಕ್ ಮುಖವಾಡ ಅವರಿಗಾಗಿ ಕಾದಿತ್ತು. ಹಿಂದಿನ ವಾರ ಬೇರೆ ಕೋಣೆಯಲ್ಲಿ ಅಪ್ಪನ ಮುಖದ ಮೇಲೆಯೇ ಒತ್ತಿ ಮಾಡಿದ್ದು. ಅದನ್ನು ಹಾಕಿ ಮಂಚಕ್ಕೆ ಬಿಗಿಯುತ್ತಾರೆ, ಗಂಟಲು ಅಲುಗಬಾರದೆಂದು. ಹುಡುಗಿ ಹೊರಗೆ ಬಂದಳು. ದಪ್ಪ ಬಾಗಿಲು ಮುಚ್ಚಿತು. ಕೆಂಪು ದೀಪ ಹತ್ತಿತು.

ಒಳಗೇನು ನಡೆಯುತ್ತಿದೆ ಎಂದು ಗೊತ್ತಿದ್ದರೆ ಸಮಾಧಾನ ಎಂದು ಯಾರು ಹೇಳಿದ್ದು? ಅವ್ವ ಕಣ್ಣು ಮುಚ್ಚಿ ಕೂತಳು, ತುಟಿ ಅಲುಗುತ್ತಿತ್ತು. ನಾನು ಕಣ್ಣು ಮುಚ್ಚಿದರೆ ಕೋಶಕೇಂದ್ರಗಳು. ಬಣ್ಣ ಹಾಕಿದ ಸ್ಲೈಡಿನಲ್ಲಿ ಕಾಣುವಂಥವು, ನೇರಳೆ ಚುಕ್ಕೆಗಳು. ಕೆಲವು ದುಂಡಗೆ, ಕೆಲವು ಊದಿಕೊಂಡು ಅಂಕುಡೊಂಕು. ಲ್ಯಾಬಿನಲ್ಲಿ ಅವು ಚಂದ ಕಾಣುತ್ತವೆ. ಯಾರ ಗಂಟಲಿನದು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಇವುಗಳಲ್ಲಿ ಯಾವುದು ಅಪ್ಪನದು, ಯಾವುದು ಕ್ಯಾನ್ಸರಿನದು? ನಿಜ ಹೇಳಬೇಕೆಂದರೆ ಎಲ್ಲವೂ ಅಪ್ಪನದೇ. ಆ ಯೋಚನೆ ಬಂದಮೇಲೆ ನಾನು ಮತ್ತೆ ಕಣ್ಣು ಮುಚ್ಚಲಿಲ್ಲ.

ಅಪ್ಪ ಹೊರಗೆ ಬಂದಾಗ ಕೆನ್ನೆಯ ಮೇಲೆ ಜಾಲರಿಯ ಅಚ್ಚು.

“ಏನೂ ಅನಸಲಿಲ್ಲ,” ಎಂದರು. ಅದನ್ನೂ ಹೆದರಿಕೊಂಡೇ ಹೇಳಿದರು. ಏನೂ ಅನ್ನಿಸದೆ ಇಷ್ಟೆಲ್ಲ ಒಳಗೆ ಮುರಿಯುತ್ತದೆಯೇ ಎಂಬಂತೆ.

ಶುಕ್ರವಾರ ಸಂಜೆ ಅಪ್ಪ ಅವ್ವ ಇಬ್ಬರೂ ದಾಂಡೇಲಿಗೆ ಬಂದರು. ಶನಿವಾರ ಪಕ್ಕದ ಮನೆಯವರು ಮಾತಾಡಿಸಲು ಬಂದರು. ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಗೇಟಿನ ಆಚೆಯೇ ನಿಂತರು. “ಕರೆಂಟ್ ಕೊಟ್ಟಾರಂತಲ್ರಿ. ಕೂಸಿಗೇನರ ಹತ್ತೀತು ಅಂತ…”

ರೇಡಿಯೇಷನ್ನಿಗೆ ನಮ್ಮ ಕಡೆ ಹಾಗೆನ್ನುವುದು. ಇದನ್ನು ನಿಮಗೂ ಹೇಳಿಬಿಡುತ್ತೇನೆ. ಹೊರಗಿನ ಯಂತ್ರದಿಂದ ಕೊಡುವ ವಿಕಿರಣ ಮೈಯಲ್ಲಿ ಉಳಿಯುವುದಿಲ್ಲ. ದೀಪ ಆರಿಸಿದ ಕೋಣೆಯಲ್ಲಿ ಬೆಳಕು ಉಳಿಯುತ್ತದೆಯೇ? ಅವರಿಗೂ ಹಾಗೆಯೇ ಹೇಳಿದೆ. ಅವರು ಒಳಗೆ ಬರಲು ಹೊರಟರು. ಬೇಡ ಎಂದವರು ಅಪ್ಪ! “ಇರ್ಲಿ, ಅಲ್ಲೇ ನಿಂದರ್ರಿ,” ಎಂದು ತಾವೇ ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡರು.

ಅವರು ಹೋದಮೇಲೆ ಅಪ್ಪ ಒಡಕು ದನಿಯಲ್ಲಿ ಕೇಳಿದರು. “ಶನಿವಾರ, ಐತಾರ ಮಷಿನ್ನಿಗೆ ರಜಾ. ಗಂಟಲಾಗ ಇದ್ದದ್ದಕ್ಕೂ ರಜಾ ಐತೇನು?”

“ಈ ಎರಡು ದಿನ ಲೆಕ್ಕಕ್ಕ ಹಿಡದ ಡಾಕ್ಟರು ಕೋರ್ಸ್ ಹಾಕಿರ್ತಾರ ಅಪ್ಪಾ.” ಇದು ನಿಜ. ಆದ್ದರಿಂದ ಸುಲಭವಾಗಿ ಹೇಳಿದೆ.

ತಲೆಯಾಡಿಸಿದರು. ಒಂದು ಗುಟುಕು ನೀರನ್ನು ಕಷ್ಟಪಟ್ಟು ನುಂಗಿದರು.

“ಅವಸರ ಇದ್ದದ್ದು ಸಾಯತೈತಿ ಅಂದಿ. ಅದರಾಗ ಅವಸರ ಇಲ್ಲದ್ದು ಒಂದು ಇದ್ರ?”

ಅಂಥವೂ ಇರುತ್ತವೆ. ಎರಡಾಗಲು ಹೋಗದೆ ಸುಮ್ಮನೆ ಕೂತು, ಮುರಿದ ಎಳೆಯನ್ನು ಜೋಡಿಸಿಕೊಂಡು, ಉಳಿಯುತ್ತವೆ. ಎಲ್ಲರಲ್ಲೂ ಅಲ್ಲ, ಯಾವಾಗಲೂ ಅಲ್ಲ. ಆದರೆ ಇರುತ್ತವೆ. ಇದನ್ನು ನಾನು ಓದಿದ್ದೇನೆ, ಕ್ಲಾಸಿನಲ್ಲಿ ಹೇಳಿದ್ದೇನೆ.

“ಡಾಕ್ಟರನ್ನ ಕೇಳೂಣು,” ಎಂದು ಎದ್ದು ಒಳಗೆ ಹೋದೆ.

ನೀವಾದರೆ ಹೇಳುತ್ತಿದ್ದಿರಾ?