ಒಂದೇ ಸಲ ಕರೆದ ಸಿಂಗಾಪುರ

ಅಟ್ಟದಲ್ಲಿ ವರ್ಷ ತುಂಬಿದ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿ ನೋಡುವುದು ನನ್ನ ಹಳೆಯ ಅಭ್ಯಾಸ, ಮಕ್ಕಳೇ. ನೀರೆಲ್ಲ ಇಂಗಿ ಕೊಬ್ಬರಿಯಾಗಿದ್ದರೆ ಒಳಗಿನ ಉಂಡೆ ಚಿಪ್ಪಿಗೆ ಲೊಟಲೊಟ ಬಡಿಯುತ್ತದೆ. ನೀರು ಉಳಿದಿದ್ದರೆ ಗುಳುಗುಳು ಎನ್ನುತ್ತದೆ, ಅದು ಇನ್ನಷ್ಟು ದಿನ ಅಟ್ಟದಲ್ಲೇ ಇರಬೇಕು. ನೀವು ಸಿಂಗಾಪುರಕ್ಕೆ ಹೊರಡುವ ಮುಂಚೆ ಕೊಬ್ಬರಿ ಮಿಠಾಯಿ ಮಾಡಿಕೊಡೋಣವೆಂದು ಇವತ್ತು ಬೆಳಿಗ್ಗೆ ಒಂದಷ್ಟು ಕಾಯಿ ಇಳಿಸಿಕೊಂಡು ಕೂತೆ. ಕೈ ಕಾಯಿಯ ಮೇಲಿತ್ತು, ಮನಸ್ಸು ಮಾತ್ರ ನಿಮ್ಮ ಹುಳಿಯಾರಿನ ಅಜ್ಜಿಯ ಮೇಲಿತ್ತು.

ಅವರು ನಿಮ್ಮ ಜೊತೆ ಹೊರಟಿದ್ದಾರೆ, ನಾನು ಹೋಗುತ್ತಿಲ್ಲ. ಹೊಟ್ಟೆಕಿಚ್ಚು ಎಂದು ಬರೆಯಲು ಈ ವಯಸ್ಸಿನಲ್ಲಿ ನಾಚಿಕೆ, ಆದರೆ ಬೇರೆ ಮಾತು ಸಿಗುತ್ತಿಲ್ಲ.

ನಡುಮನೆಯಲ್ಲಿ ನಿಮ್ಮ ಪಂಚಾಯಿತಿ ನಡೆದ ದಿನ ನೆನಪಿದೆಯೇ? ಕಾವ್ಯ, ಹದಿನೇಳರ ನಿನಗೆ ಅಂಗಡಿಬೀದಿಗಳು ಬೇಕು, ಹತ್ತರ ಚೇತುವಿಗೆ ಪ್ರಾಣಿಗಳು, ಮೂರರ ಪುಟ್ಟಿಗೆ ಹೊತ್ತುಹೊತ್ತಿಗೆ ಅನ್ನ, ನಿದ್ದೆ. ಉಳಿದವರು ಸುತ್ತುವಾಗ ಪುಟ್ಟಿಯ ಹತ್ತಿರ ಹೋಟೆಲಿನಲ್ಲಿ ಯಾರಾದರೂ ದೊಡ್ಡವರು ಇರಬೇಕೆಂದು ತೀರ್ಮಾನವಾಯಿತು. ನಿಮ್ಮಪ್ಪ ನನ್ನ ಕಡೆ ತಿರುಗಿ, "ನೀನೇ ಬಾರವ್ವ" ಎಂದ. ನಾನು ಸೆರಗು ಸರಿಮಾಡಿಕೊಳ್ಳುತ್ತ, "ನಂಗ್ಯಾಕಪ್ಪ ಅದೆಲ್ಲ, ಬುಡು" ಎಂದೆ.

ನಾನು ಬೆಳೆದ ಮನೆಯಲ್ಲಿ, ಕರೆದ ಕೂಡಲೇ ಹೂಂ ಎನ್ನುವವರು ಆಸೆಬುರುಕರು. ಊಟಕ್ಕಾಗಲಿ ಊರಿಗಾಗಲಿ, ಎರಡು ಸಲ ಬೇಡವೆಂದು ಮೂರನೆಯ ಸಲಕ್ಕೆ ಏಳಬೇಕು. ಕರೆಯುವವರಿಗೂ ಅದು ಗೊತ್ತಿರುತ್ತಿತ್ತು. ನಾನು ಎರಡನೆಯ ಸಲಕ್ಕೆ ಕಾದೆ. ಅಷ್ಟರಲ್ಲಿ ನಿಮ್ಮಮ್ಮ ಫೋನು ಹಿಡಿದು ತನ್ನ ತಾಯಿಯನ್ನು ಕೇಳಿಯಾಗಿತ್ತು. ಬೀಗಿತಿಯ ದನಿ ನಡುಮನೆಗೆಲ್ಲ ಕೇಳಿಸಿತು: "ಬರ್ದೆ ಇರ್ತೀನೇನೇ? ಬಟ್ಟೆ ಜೋಡಿಸ್ಕಂಡೆ ಅನ್ಕೋ!"

ಎಲ್ಲರ ಜೊತೆ ಮಾಡಿಸಿದ ನನ್ನ ಪಾಸ್‌ಪೋರ್ಟು ಟ್ರಂಕಿನಲ್ಲಿ ರೇಷ್ಮೆಸೀರೆಯ ಕೆಳಗೆ ಹೊಸದಾಗಿಯೇ ಮಲಗಿದೆ. ಪುಟ್ಟಿ ಮಾತ್ರ ಮಲಗುವುದು ನನ್ನ ಮಡಿಲಿನಲ್ಲಿ, ನನ್ನ ಬಲಗಿವಿ ಹಿಡಿದುಕೊಂಡು. ಕಿವಿ ಸಿಗದಿದ್ದರೆ ಅವಳಿಗೆ ನಿದ್ದೆಯಿಲ್ಲ. ಈ ಗುಟ್ಟು ಬೀಗಿತಿಗೆ ಗೊತ್ತಿಲ್ಲ. ನಾನೂ ಹೇಳಿಲ್ಲ. ಹೇಳದೆ ಉಳಿದದ್ದರಲ್ಲಿ ಎಂಥದೋ ಒಂದು ಸುಖವಿತ್ತು, ಅದನ್ನೂ ಬರೆದುಬಿಡುತ್ತೇನೆ.

ಕಾಯಿ ಅಲುಗಿಸುತ್ತಿದ್ದಾಗ ಪುಟ್ಟಿ ಬಂದು ತೊಡೆಯೇರಿದಳು. "ಅಜ್ಜಿ, ಪ್ಲೇನಲ್ಲಿ ನೀನೂ ಬತ್ತೀಯಾ?"

"ಬತ್ತೀನಿ ಕಣವ್ವ" ಎಂದುಬಿಟ್ಟೆ, ಒಂದೇ ಸಲಕ್ಕೆ.

ಬಾಗಿಲಲ್ಲಿದ್ದ ನಿಮ್ಮಪ್ಪ ಅಲ್ಲೇ ನಿಂತ. "ಅವತ್ತೇ ಹಿಂಗಂದಿದ್ರೆ ಏನವ್ವ ನಿಂಗೆ? ಟಿಕೆಟೆಲ್ಲ ಆಗೋಯ್ತಲ್ಲ!"

"ಇನ್ನೊಂದ್ಸಲ ಕೇಳಿದ್ರೆ ನಿಂಗೇನಾಗ್ತಿತ್ಲಾ?"

ಅವನು ನನ್ನ ಪಕ್ಕ ಕೂತು ತಾನೂ ಒಂದು ಕಾಯಿ ಎತ್ತಿ ಅಲುಗಿಸತೊಡಗಿದ. ಬೀಗಿತಿ ನನ್ನಿಂದ ಏನನ್ನೂ ಕಸಿದುಕೊಂಡಿಲ್ಲವೆಂದು ಆಗ ಹೊಳೆಯಿತು. ಬೇಕಾದುದನ್ನು ಬೇಕು ಎನ್ನಲು ಅವರಿಗೆ ಬರುತ್ತದೆ, ಅಷ್ಟೇ. ನನ್ನ ಕಿಚ್ಚೆಲ್ಲ ಆ ಒಂದು ಹೂಂ ಮೇಲೆ.

ಪುಟ್ಟಿಯ ನಿದ್ದೆಯ ಗುಟ್ಟನ್ನು ಬೀಗಿತಿಗೆ ಹೇಳಬೇಕು. ನೀವು ಹೊರಡಲು ಇನ್ನೂ ನಾಲ್ಕು ದಿನವಿದೆ. ಕೊನೆಯ ಕಾಯಿಯನ್ನು ಅಲುಗಿಸಿ ನೋಡಿದೆ. ಗುಳುಗುಳು ಎಂದಿತು. ಮತ್ತೆ ಅಟ್ಟಕ್ಕೆ ಹಾಕಿಸಿದೆ.